ಗಂಡ ಫ್ರೀಮೇಸನ್ ಆಗ್ತೀನಿ ಅಂದಾಗ: ಮನೆಯವರಿಗೊಂದು ಕೈಪಿಡಿ

ಊಟ ಮಾಡ್ತಾ ಮಾಡ್ತಾ ಗಂಡ ಇದ್ದಕ್ಕಿದ್ದಂತೆ "ನಾನು ಫ್ರೀಮೇಸನ್ ಲಾಡ್ಜ್ ಸೇರಬೇಕು ಅಂತಿದ್ದೇನೆ" ಎಂದರೆ (ಫ್ರೀಮೇಸನ್‌ಗಳು ಅಂದರೆ ಗುಟ್ಟಿನ ಆಚರಣೆಗಳಿರುವ ಹಳೇ ಸೋದರ ಸಂಘದವರು, ಲಾಡ್ಜ್ ಅಂದರೆ ಆ ಸಂಘದ ಶಾಖೆ), ಮೊದಲು ಒಂದು ಕೆಲಸ ಮಾಡಬೇಡಿ. ಯೂಟ್ಯೂಬ್ ತೆರೆಯಬೇಡಿ. ತೆರೆದರೆ ಸೈತಾನ, ನರಬಲಿ, ಇಲ್ಯುಮಿನಾಟಿ ಎಲ್ಲ ಸಾಲಾಗಿ ಬರುತ್ತವೆ. ಆ ರಾತ್ರಿ ನಿದ್ದೆ ಬರುವುದಿಲ್ಲ. ಸೈತಾನನ ಕಥೆಯಲ್ಲಿ ದೊಡ್ಡ ಪಾಲು ಲಿಯೋ ಟ್ಯಾಕ್ಸಿಲ್ ಎಂಬ ಫ್ರೆಂಚ್ ಬರಹಗಾರನದು. ವರ್ಷಗಟ್ಟಲೆ ಅದನ್ನೇ ಬರೆದು, 1897ರಲ್ಲಿ ಪ್ಯಾರಿಸ್ಸಿನಲ್ಲಿ ಜನರನ್ನು ಸೇರಿಸಿ "ಎಲ್ಲ ನಾನೇ ಕಟ್ಟಿದ ಕಥೆ" ಅಂತ ತಾನೇ ಹೇಳಿಬಿಟ್ಟ. ಕಥೆ ಮಾತ್ರ ಇನ್ನೂ ಓಡಾಡುತ್ತಿದೆ.

ನಮ್ಮ ಯಜಮಾನರು ಬೆಂಗಳೂರಿನ ಒಂದು ಲಾಡ್ಜ್‌ನ ಹಳೆಯ ಸದಸ್ಯರು. ಒಳಗೆ ಏನು ನಡೆಯುತ್ತದೆ ಅಂತ ಅವರು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಆದರೆ ಹೊರಗಿನಿಂದ ಸಂಭಾಳಿಸುವ ಕೆಲಸವೆಲ್ಲ ನನ್ನದೇ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ರಹಸ್ಯದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ದುಡ್ಡು ಎಷ್ಟು, ಸಂಜೆಗಳು ಎಷ್ಟು, ಕರೆದವರು ಯಾರು, ಇವನ್ನು ಕೇಳಿ.

ಮೊದಲ ಪ್ರಶ್ನೆ: ಕರೆದವರು ಯಾರು?

ಸೇರಲು ಒಬ್ಬರು ಹೆಸರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಇಬ್ಬರೂ ಆ ಲಾಡ್ಜ್‌ನವರೇ ಆಗಿರಬೇಕು. ಅವರ ಹೆಸರು ಕೇಳಿ, ಒಮ್ಮೆ ಮನೆಗೆ ಕರೆಯಿರಿ. ವಾಟ್ಸಾಪ್‌ನಲ್ಲಿ "ಫ್ರೀಮೇಸನ್ ಸೇರಿ, ಕೋಟ್ಯಧಿಪತಿ ಆಗಿ, ನೋಂದಣಿಗೆ ಇಷ್ಟು ಕಳಿಸಿ" ಅಂತ ಬಂದಿದ್ದರೆ ಅದು ಪಕ್ಕಾ ಮೋಸ. ನಂಬರ್ ಬ್ಲಾಕ್ ಮಾಡಿ.

ಲಾಡ್ಜ್ ಯಾವ ಗ್ರ್ಯಾಂಡ್ ಲಾಡ್ಜ್‌ಗೆ, ಅಂದರೆ ಲಾಡ್ಜ್‌ಗಳನ್ನೆಲ್ಲ ನೋಡಿಕೊಳ್ಳುವ ಮೇಲಿನ ಸಂಸ್ಥೆಗೆ, ಸೇರಿದ್ದು ಅಂತಲೂ ಕೇಳಿ. 1717ರ ಜೂನ್ 24ರಂದು ಲಂಡನ್ನಿನ ಒಂದು ಪಬ್ಬಿನಲ್ಲಿ ನಾಲ್ಕು ಲಾಡ್ಜ್‌ಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು. ಕಂಪನಿ ಕಾಲದಲ್ಲೇ ಈ ಸಂಘ ಕಲ್ಕತ್ತೆಗೆ ಬಂತು. 1961ರ ನವೆಂಬರಿನಲ್ಲಿ ನಮ್ಮದೇ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ದೆಹಲಿಯಲ್ಲಿ ಶುರುವಾಯಿತು. ರಾಂಪುರದ ನವಾಬರು ಅದರ ಮೊದಲ ಗ್ರ್ಯಾಂಡ್ ಮಾಸ್ಟರ್, ಅಂದರೆ ಮುಖ್ಯಸ್ಥರು. ಇವತ್ತಿಗೂ ಕೆಲವು ಲಾಡ್ಜ್‌ಗಳು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಕೈಕೆಳಗೇ ಇವೆ. ಅದರಲ್ಲಿ ತಪ್ಪೇನಿಲ್ಲ. ಯಾವುದಕ್ಕೂ ಸೇರದ್ದಾದರೆ ಬೇಡ ಅನ್ನಿ.

ಮನೆಗೆ ಬಂದಾಗ

ಸೇರುವವರನ್ನು ನೋಡಿಕೊಂಡು ಹೋಗಲು ಎಲ್ಲ ಲಾಡ್ಜ್‌ನವರೂ ಮನೆಗೆ ಬರುವುದಿಲ್ಲ. ನಮ್ಮಲ್ಲಿಗೆ ಬಂದಿದ್ದರು. ಫಿಲ್ಟರ್ ಕಾಫಿ, ಕೋಡುಬಳೆ ಸಾಕು, ಬೀಗರು ಬಂದ ಹಾಗೆ ಸಡಗರ ಬೇಡ. ದೇವರನ್ನು ನಂಬುತ್ತೀರಾ ಅಂತ ನಮ್ಮ ಯಜಮಾನರನ್ನು ಕೇಳಿದರು. ಯಾವ ದೇವರು ಅಂತ ಕೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ "ನಿಮ್ಮ ಒಪ್ಪಿಗೆ ಇದೆಯೇನಮ್ಮ?" ಎಂದರು. ನಿಮ್ಮ ಸರದಿ ಇದೇ. ಸುಮ್ನೆ ತಲೆ ಆಡಿಸಬೇಡಿ.

ಸೇರುವ ಶುಲ್ಕ ಎಷ್ಟು, ವರ್ಷದ್ದು ಎಷ್ಟು? ಸಭೆಗೆ ಸೊಂಟಕ್ಕೆ ಕಟ್ಟುವ ಏಪ್ರನ್, ಗ್ಲೌಸ್, ಸೂಟ್ ಖರ್ಚು ಬೇರೆಯೇ? ದಾನದ ಚೀಟಿ ಎಷ್ಟು ಸಲ ಬರುತ್ತದೆ? ತಿಂಗಳಿಗೆ ಎಷ್ಟು ಸಂಜೆ ಹೋಗುತ್ತದೆ, ಆಚರಣೆಗಳ ರಿಹರ್ಸಲ್ ಸೇರಿ? ಸಭೆ ಮುಗಿದ ಮೇಲಿನ ಊಟದಲ್ಲಿ ಡ್ರಿಂಕ್ಸ್ ಇರುತ್ತದಾ? ಎಲ್ಲ ಕೇಳಿ. ತನಗೂ ಮನೆಯವರಿಗೂ ತೊಂದರೆ ಆಗದಷ್ಟೇ ನೆರವು ಕೊಡಬೇಕು ಅನ್ನುವುದು ಅವರದೇ ನಿಯಮ. ಆ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

"ನಾನೂ ಸೇರಬಹುದಾ?" ಅಂತಲೂ ಕೇಳಿದ್ದೆ. ನಕ್ಕರು. ಈ ಲಾಡ್ಜ್‌ಗಳು ಗಂಡಸರಿಗೆ ಮಾತ್ರ. ಆನಿ ಬೆಸೆಂಟ್ 1902ರಲ್ಲಿ ಮೇಸನ್ ಆಗಿದ್ದರು ನಿಜ. ಆದರೆ ಅದು ಗಂಡಸರು ಹೆಂಗಸರು ಇಬ್ಬರೂ ಸೇರುವ ಬೇರೆ ಪಂಗಡ. ಇವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ನನಗೆ ಇದು ಇವತ್ತಿಗೂ ಸರಿ ಕಾಣುವುದಿಲ್ಲ.

ಆಮೇಲೆ ಗುಟ್ಟಾಗಿ ಮತ ಹಾಕುತ್ತಾರೆ. ಬಿಳಿ ಗೋಲಿ ಹಾಕಿದರೆ ಒಪ್ಪಿಗೆ, ಕಪ್ಪು ಹಾಕಿದರೆ ಇಲ್ಲ. ಬೇಡ ಅಂತಾದರೆ ಕಾರಣ ಹೇಳುವುದಿಲ್ಲ, ಕೆದಕಲೂ ಹೋಗಬೇಡಿ.

ಲಾಡ್ಜ್ ಸೇರುವ ದಿನದ ತಯಾರಿ

ಕಪ್ಪು ಸೂಟ್, ಬಿಳಿ ಶರ್ಟ್, ಕಪ್ಪು ಟೈ. ಪ್ಯಾಂಟ್ ಸ್ವಲ್ಪ ಸಡಿಲ ಇರಲಿ, ಮೊಣಕಾಲಿನ ಮೇಲಕ್ಕೆ ಮಡಚಬೇಕಾಗುತ್ತದೆ. ಉಂಗುರ, ಸರ, ವಾಚು ಮನೆಯಲ್ಲೇ ಬಿಡಲಿ. ದುಡ್ಡು, ಲೋಹ ಯಾವುದೂ ಮೈಮೇಲೆ ಇರಬಾರದು. ಉಂಗುರ ಬೆರಳಿಗೆ ಬಿಗಿಯಾಗಿದ್ದರೆ ಹಿಂದಿನ ದಿನವೇ ಸೋಪು ಹಚ್ಚಿ ತೆಗೆಯಿರಿ.

ಕಣ್ಣಿಗೆ ಬಟ್ಟೆ, ಕುತ್ತಿಗೆಗೆ ಹಗ್ಗ ಅಂತೆಲ್ಲ ಕೇಳಿರುತ್ತೀರಿ. ಅದು ಹೌದು. ದೊಡ್ಡ ಗುಟ್ಟೇನೂ ಅಲ್ಲ, ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಲಂಡನ್ನಿನಲ್ಲಿ 1730ರಲ್ಲೇ ಇವರ ಆಚರಣೆಗಳನ್ನು ಅಚ್ಚು ಹಾಕಿಸಿದ್ದ. ಪ್ರಮಾಣ ಮಾಡುವುದು ತಮ್ಮ ತಮ್ಮ ಧರ್ಮಗ್ರಂಥದ ಮೇಲೆ. ನಮ್ಮ ದೇಶದ ಲಾಡ್ಜ್‌ಗಳಲ್ಲಿ ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಅವೆಸ್ತಾ ಒಟ್ಟಿಗೆ ಇಟ್ಟಿರುತ್ತಾರೆ. ಮೊದಲಿನಿಂದ ಹೀಗಿರಲಿಲ್ಲ. ಹಿಂದೂಗಳಿಗೆ ದೇವರು ಹಲವರಲ್ವಾ, ಸೇರಿಸಿಕೊಳ್ಳುವುದು ಹೇಗೆ ಅಂತ ಕಲ್ಕತ್ತೆಯ ಬ್ರಿಟಿಷರು ತಕರಾರು ತೆಗೆದಿದ್ದರು. ಪ್ರಸನ್ನಕುಮಾರ್ ದತ್ತ ಎಂಬುವರು ವರ್ಷಗಟ್ಟಲೆ ಪಟ್ಟು ಬಿಡದೆ 1872ರಲ್ಲಿ ಒಳಗೆ ಹೋದರು. 1884ರಲ್ಲಿ ಕಲ್ಕತ್ತೆಯ ಆಂಕರ್ ಅಂಡ್ ಹೋಪ್ ಲಾಡ್ಜ್‌ಗೆ ನರೇಂದ್ರನಾಥ ದತ್ತ ಎಂಬ ಹುಡುಗ ಸೇರಿದ. ಮುಂದೆ ವಿವೇಕಾನಂದರಾದವರು ಇವರೇ. ನಮ್ಮತ್ತೆಯ ಬಾಯಿ ಮುಚ್ಚಿಸಿದ್ದು ಈ ಒಂದು ವಿಷಯ.

ಏಪ್ರನ್, ಗ್ಲೌಸ್, ಬಾಯಿಪಾಠ

ಮೊದಲು ಕೊಡುವುದು ಸಾದಾ ಬಿಳಿ ಏಪ್ರನ್, ಕುರಿಮರಿ ಚರ್ಮದ್ದು. ಸದಸ್ಯರಿಗೆ ಮೂರು ಹಂತ, ಎರಡನೇ ಹಂತಕ್ಕೆ ಎರಡು ನೀಲಿ ಹೂಗಳು, ಮೂರನೆಯದಕ್ಕೆ ತಿಳಿನೀಲಿ ಅಂಚು. ಇದನ್ನು ನೀರಿಗೆ ಹಾಕಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಇಟ್ಟು, ಮಡಚದೆ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ವಾರಕ್ಕೊಮ್ಮೆ ತೆಗೆದು ನೋಡಿ. ಕರಾವಳಿಯವರು ಇನ್ನೂ ಜಾಸ್ತಿ ಹುಷಾರಾಗಿರಿ. ಹತ್ತಿಯ ಬಿಳಿ ಗ್ಲೌಸ್ ಎರಡು ಜೊತೆ ಇರಲಿ. ಊಟಕ್ಕೆ ಮೊದಲೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳಲು ಹೇಳಿ. ಅರಿಶಿನದ ಕಲೆ ಹೋಗುವುದಿಲ್ಲ.

ಕಷ್ಟದ ಭಾಗ ಬಾಯಿಪಾಠ. ಆಚರಣೆಯ ಮಾತುಗಳೆಲ್ಲ ಪುಟಗಟ್ಟಲೆ ಹಳೇ ಇಂಗ್ಲಿಷ್, ಪುಸ್ತಕ ನೋಡದೆ ಹೇಳಬೇಕು. ನಮ್ಮವರು ಬಚ್ಚಲಲ್ಲಿ, ಟ್ರಾಫಿಕ್‌ನಲ್ಲಿ, ಒಗ್ಗರಣೆ ಸದ್ದಿನ ನಡುವೆ ಗೊಣಗುತ್ತಿದ್ದರು. ಅರ್ಧ ನನಗೇ ಬಾಯಿಗೆ ಬಂದಿದೆ. ತಪ್ಪಿದಾಗ ತಿದ್ದುವ ಆಸೆ ಆಗುತ್ತದೆ, ತಡೆದುಕೊಳ್ಳಿ. ಅವರ ಆ ಪುಟ್ಟ ಪುಸ್ತಕವನ್ನು ಮಕ್ಕಳ ಕೈಗೆ ಸಿಗದ ಹಾಗಿಡಿ.

ಅಕ್ಕಪಕ್ಕದವರಿಗೆ ಏನು ಹೇಳುವುದು?

ಕಿಟಕಿ ಮುಚ್ಚಿದ ಹಾಲ್, ಸಂಜೆಯಾದರೆ ಕಪ್ಪು ಸೂಟ್‌ಕೇಸ್ ಹಿಡಿದ ಗಂಡಸರು, ಬಾಗಿಲಲ್ಲಿ ಕತ್ತಿ ಹಿರಿದು ನಿಂತ ಕಾವಲಿನವರು. ಜನ ಮಾತಾಡದೆ ಇರ್ತಾರಾ? ಉತ್ತರ ಭಾರತದ ಊರುಗಳಲ್ಲಿ ಈ ಕಟ್ಟಡಗಳಿಗೆ 'ಜಾದೂ ಘರ್' ಎಂದೇ ಹೆಸರು. ಮುಚ್ಚಿಟ್ಟರೆ ಗುಸುಗುಸು ಹೆಚ್ಚುತ್ತದೆ. ಸದಸ್ಯ ಅಂತ ಹೇಳಿಕೊಳ್ಳಲು ಅಡ್ಡಿಯಿಲ್ಲ. ಗುಟ್ಟಾಗಿಡುವುದು ಕೈಕುಲುಕುವ ರೀತಿ, ಸನ್ನೆ, ಸಂಕೇತದ ಮಾತು ಇಷ್ಟೇ. ಫೋನಿನಲ್ಲಿ ಯಾರಾದರೂ ಕೇಳಿದರೆ ಮಾತ್ರ "ಲಾಡ್ಜ್‌ಗೆ ಹೋಗಿದ್ದಾರೆ" ಅನ್ನಬೇಡಿ. ಮೀಟಿಂಗ್ ಅನ್ನಿ.

ಹಾಗಂತ ಅನುಮಾನವೆಲ್ಲ ಸುಳ್ಳು ಅಂತಲೂ ವಾದ ಮಾಡಬೇಡಿ. ಇಟಲಿಯಲ್ಲಿ 1981ರಲ್ಲಿ 'ಪಿ2' ಎಂಬ ಲಾಡ್ಜ್‌ನ ಪಟ್ಟಿ ಪೊಲೀಸರ ಕೈಗೆ ಸಿಕ್ಕಿತು. ಮಂತ್ರಿಗಳು, ಸೇನಾಧಿಕಾರಿಗಳು, ಬ್ಯಾಂಕಿನವರು ಎಲ್ಲ ಅದರಲ್ಲಿದ್ದರು. ಸರ್ಕಾರವೇ ಬಿತ್ತು. ಇಟಲಿಯ ಮೇಸನ್‌ಗಳೇ ಅದನ್ನು ಮೊದಲೇ ಅಮಾನತು ಮಾಡಿದ್ದರು, ಆದರೂ ಹೆಸರು ಕೆಟ್ಟಿತು. ಅದಕ್ಕೇ ನಿಮ್ಮವರು "ಒಳ್ಳೇ ಕಾಂಟ್ಯಾಕ್ಟ್ಸ್ ಸಿಗುತ್ತೆ, ಬಿಸಿನೆಸ್‌ಗೆ ಅನುಕೂಲ" ಅನ್ನತೊಡಗಿದರೆ ಅಲ್ಲೇ ತಡೆಯಿರಿ. ಸ್ವಂತ ಲಾಭಕ್ಕೆ ಸೇರುವುದು ಅವರ ನಿಯಮಕ್ಕೇ ವಿರುದ್ಧ. ಲಾಡ್ಜ್ ಒಳಗೆ ರಾಜಕೀಯ, ಧರ್ಮದ ಚರ್ಚೆಗೂ ಜಾಗವಿಲ್ಲ.

ಕೆಥೊಲಿಕ್ ಮನೆಯವರಿಗೆ ಒಂದು ಮಾತು. 1738ರಿಂದ ಪೋಪರ ನಿಷೇಧವಿದೆ. 1983ರಲ್ಲೂ 2023ರಲ್ಲೂ ವ್ಯಾಟಿಕನ್ ಅದನ್ನೇ ಮತ್ತೆ ಹೇಳಿದೆ. ಸೇರಿದವರು ಪರಮಪ್ರಸಾದ ಸ್ವೀಕರಿಸುವ ಹಾಗಿಲ್ಲ. ಲಾಡ್ಜ್‌ನವರು "ನಮ್ಮ ಕಡೆಯಿಂದ ಅಡ್ಡಿಯಿಲ್ಲ" ಅಂದರೂ ಚರ್ಚಿನ ಕಡೆಯಿಂದ ಇದೆ. ಅರ್ಜಿ ಹಾಕುವ ಮೊದಲೇ ಫಾದರ್ ಹತ್ತಿರ ಮಾತಾಡಿ.

ಹೆಂಗಸರನ್ನು ಕರೆಯುವ ರಾತ್ರಿ ಊಟ ಒಂದಿರುತ್ತದೆ. ತಪ್ಪದೆ ಹೋಗಿ. ರೇಷ್ಮೆ ಸೀರೆ ಉಡಿ, ಭಾಷಣ ಉದ್ದ ಇರುತ್ತದೆ, ಸ್ವಲ್ಪ ತಿಂದೇ ಹೊರಡಿ. ಬೇರೆ ಹೆಂಡತಿಯರನ್ನು ಮಾತಾಡಿಸಿ. ಶುಲ್ಕ ಏರಿದ್ದು, ಯಾರ ಮನೆಯಲ್ಲಿ ಕಷ್ಟ ಬಂದಾಗ ಲಾಡ್ಜ್ ನಿಜವಾಗಿ ನಿಂತಿತು, ಯಾರ ಮನೆಗೆ ಬರೀ ಹೂವಿನ ಹಾರ ಬಂತು, ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಬೇಡ ಅನಿಸಿದರೆ ಬಿಡಲೂಬಹುದು. ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಕಾರ್ಯದರ್ಶಿಗೆ ಒಂದು ರಾಜೀನಾಮೆ ಪತ್ರ ಬರೆಯಬೇಕು. ಬಾಕಿ ಶುಲ್ಕ ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯಿರಿ. ಮುಂದೆ ಬೇರೆ ಊರಲ್ಲಿ ಮತ್ತೆ ಸೇರುವ ಮನಸ್ಸಾದರೆ ಅದನ್ನೇ ಮೊದಲು ಕೇಳುತ್ತಾರೆ.