ಪದದ ಅರ್ಥ ಗೊತ್ತಿದ್ದರೆ ಸಾಲದು, ಬಳಕೆಯೂ ಗೊತ್ತಿರಲಿ

ಹೊಸ ಇಂಗ್ಲಿಷ್ ಪದ ಸಿಕ್ಕರೆ ಅದರ ಕನ್ನಡ ಅರ್ಥವನ್ನು ಬರೆದಿಟ್ಟು ಮುಂದೆ ಹೋಗುವವರೇ ಹೆಚ್ಚು. ಓದುವುದಕ್ಕೆ ಅಷ್ಟು ಸಾಕು. ಬರೆಯಲು ಕುಳಿತಾಗ ತಡವರಿಕೆ ಶುರು. ಕಲಿಯುವವರಿಗೆಂದೇ ಸಿದ್ಧಪಡಿಸಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನು ಬಳಸಿ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಸರಳ ಪದಗಳಲ್ಲೇ ಅರ್ಥ ವಿವರಿಸುವ ಕ್ರಮವನ್ನು ಅನುಸರಿಸಿತು. ಒಂದು ಪದ ಹುಡುಕಲು ಹೋಗಿ ಇನ್ನೂ ನಾಲ್ಕು ಪದ ಹುಡುಕುವ ಪಾಡು ಇದರಿಂದ ತಪ್ಪುತ್ತದೆ.

ಆದರೆ ನಿಜವಾದ ಸರಕು ಇರುವುದು ಅರ್ಥದ ಕೆಳಗಿನ ಉದಾಹರಣೆ ವಾಕ್ಯಗಳಲ್ಲಿ. ‘ಡಿಸ್ಕಸ್’ ಯಾರಿಗೆ ಗೊತ್ತಿಲ್ಲ? ಆದರೂ ‘ಡಿಸ್ಕಸ್ ಅಬೌಟ್’ ಎಂದು ಧಾರಾಳವಾಗಿ ಬರೆಯುತ್ತೇವೆ, ಕನ್ನಡದ ‘ಬಗ್ಗೆ’ ಅಲ್ಲಿಗೂ ನುಸುಳುತ್ತದೆ. ಉದಾಹರಣೆಗಳನ್ನು ನೋಡಿ, ಕ್ರಿಯಾಪದದ ಬೆನ್ನಿಗೇ ವಿಷಯ ಬಂದಿರುತ್ತದೆ, ನಡುವೆ ‘ಅಬೌಟ್’ ಇರುವುದಿಲ್ಲ. ಹಾಗೆಯೇ ‘ಡಿಸಿಷನ್’ ಪದಕ್ಕೆ ‘ಮೇಕ್’ ಹೊಂದುತ್ತದೆ, ‘ಡೂ’ ಹೊಂದುವುದಿಲ್ಲ. ಸಲಹೆ ಎಂಬರ್ಥದ ‘ಅಡ್ವೈಸ್’ಗೆ ಬಹುವಚನವಿಲ್ಲ, ಎಷ್ಟೇ ಸಲಹೆ ಕೊಟ್ಟರೂ ಅದು ‘ಅಡ್ವೈಸ್’ ಮಾತ್ರ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಒಂಟಿ ಪದ ಬರೆಯಬೇಡಿ, ಅದರ ಜೊತೆಗಾರ ಪದಗಳನ್ನೂ ಸೇರಿಸಿ ಬರೆಯಿರಿ.

ಸಮಾನಾರ್ಥಕ ಪದಗಳ ಪಟ್ಟಿ ಬಾಯಿಪಾಠ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ. ‘ಸ್ಲಿಮ್’ ಎಂದರೆ ಮೆಚ್ಚುಗೆ, ‘ಸ್ಕಿನ್ನಿ’ ಎಂದರೆ ಸಾಮಾನ್ಯವಾಗಿ ಕೊಂಕು. ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಕುಳಿತಿರುತ್ತವೆ.

ಕೊನೆಗೆ, ಕಲಿತ ಪದವನ್ನಿಟ್ಟು ನಿಮ್ಮದೇ ದಿನಚರಿಯ ಒಂದು ವಾಕ್ಯ ಬರೆಯಿರಿ. ಎರಡು ದಿನ ಬಿಟ್ಟು, ಪುಸ್ತಕ ನೋಡದೆ ಇನ್ನೊಂದು ಬರೆದು ನಿಘಂಟಿನ ಉದಾಹರಣೆಯೊಂದಿಗೆ ಹೋಲಿಸಿ.