ನನ್ನ ಕಯಾಕ್ ಒಳಗೆ ನೀರಿಗೆ ಜಾಗ ಬಿಡದ ಬಗೆ

"ಮರ ಹೇಗೂ ತೇಲುತ್ತದೆ ಅಲ್ವಾ, ಫೋಮ್ ಯಾಕೆ?" ಪ್ಲೈವುಡ್ ಕಯಾಕ್ (ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರುದೋಣಿ) ಕಟ್ಟುತ್ತಿದ್ದಾಗ ನೋಡಿದವರೆಲ್ಲ ಕೇಳಿದ್ದು ಇದನ್ನೇ. ತೇಲುತ್ತದೆ, ನಿಜ. ಆದರೆ ಮಗುಚಿದರೆ ಒಳಗೆ ನೂರಾರು ಲೀಟರ್ ನೀರು ತುಂಬುತ್ತದೆ. ಆಮೇಲೆ ಅದನ್ನು ಹತ್ತಲೂ ಆಗಲ್ಲ, ದಡಕ್ಕೆ ಎಳೆಯಲೂ ಆಗಲ್ಲ. ಹಾಗಾಗಿ ನಾನು ಕೂರುವ ಜಾಗ ಬಿಟ್ಟರೆ ಬೇರೆಲ್ಲೂ ನೀರು ನುಗ್ಗಬಾರದು ಎಂದು ಲೆಕ್ಕ ಹಾಕಿದೆ. ಗಾಳಿ ಅಥವಾ ಫೋಮ್‌ನಿಂದ ಒಂದು ಲೀಟರ್ ಜಾಗ ತುಂಬಿಸಿಟ್ಟರೆ ಒಂದು ಕಿಲೋ ನೀರು ಹೊರಗೇ ಉಳಿಯಿತು.

ಸೀಟಿನ ಹಿಂದೆ ಪ್ಲೈವುಡ್ ಅಡ್ಡಗೋಡೆ ಕೂರಿಸಿದೆ, ಅದರ ಹಿಂದಿನ ಜಾಗ ಗಾಳಿ ತುಂಬಿದ ಡಬ್ಬಿಯಂತಾಯಿತು. ಎಪಾಕ್ಸಿಗೆ (ಗಟ್ಟಿಯಾಗುವ ಅಂಟು) ಮರದ ಹುಡಿ ಕಲಸಿ ಸಂದಿಗೆ ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿದೆ. ಗೋಡೆಯ ಮೇಲ್ತುದಿಯಲ್ಲಿ ಸುಮಾರು 2 ಮಿ.ಮೀ. ತೂತು ಬೇಕೇ ಬೇಕು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ತಣ್ಣೀರಿಗಿಳಿದರೆ ಕುಗ್ಗುತ್ತದೆ. ಅದಕ್ಕೆ ದಾರಿ ಇಲ್ಲದಿದ್ದರೆ ಸಂದಿ ಬಿಡುತ್ತದೆ.

ಮುಂದೆ, ಕಾಲಿನಾಚೆ, ಗಾಳಿಚೀಲ ಇಟ್ಟೆ. ಸುಮ್ನೆ ತುರುಕಿದರೆ ನೀರು ಬಂದಾಗ ಅದೇ ತೇಲಿ ಹೊರಗೆ ಬರುತ್ತದೆ, ಹಗ್ಗವನ್ನು ಅಡ್ಡಡ್ಡ ಹೆಣೆದು ಬಿಗಿಯಬೇಕು. ದಡಕ್ಕೆ ತಂದ ಕೂಡಲೇ ಸ್ವಲ್ಪ ಗಾಳಿ ಬಿಡುತ್ತೇನೆ. ಇಲ್ಲದಿದ್ದರೆ ಬಿಸಿಲಲ್ಲಿ ಉಬ್ಬಿ ಅಂಚಿನ ಬೆಸುಗೆಯೇ ಕಿತ್ತುಹೋಗಬಹುದು. ಮುಂದೆ, ಹಿಂದೆ ಎರಡೂ ಕಡೆ ತುಂಬಿಸಬೇಕು. ಒಂದೇ ಕಡೆ ಆದರೆ ದೋಣಿ ಮೂತಿ ಮೇಲೆತ್ತಿ ನೆಟ್ಟಗೆ ನಿಲ್ಲುತ್ತದೆ!

ಥರ್ಮಕೋಲ್ ಬೇಡ ಎಂದುಕೊಂಡೆ. ಕಾಳುಗಳ ನಡುವೆ ನಿಧಾನಕ್ಕೆ ನೀರು ಹೀರುತ್ತದೆ. ಫೈಬರ್‌ಗ್ಲಾಸ್ ಕೆಲಸಕ್ಕೆ ಬಳಸುವ ಇನ್ನೊಂದು ಅಂಟು, ಪಾಲಿಯೆಸ್ಟರ್ ರೆಸಿನ್, ತಗುಲಿದರೆ ಕರಗಿಯೇ ಹೋಗುತ್ತದೆ. ಎಪಾಕ್ಸಿಗೆ ಆ ತೊಂದರೆ ಇಲ್ಲ. ಎರಡು ದ್ರವ ಬೆರೆಸಿ ಸುರಿಯುವ ಫೋಮ್ ಸುಲಭ, ಆದರೆ ಅದರಡಿ ನೀರು ನಿಂತರೆ ಮರ ಕೊಳೆಯುವುದು ಗೊತ್ತೇ ಆಗಲ್ಲ. ನಾನು ತೆಗೆದು ಒಣಗಿಸಬಹುದಾದ ಪಾಲಿಥೀನ್ ಫೋಮ್ ತುಂಡುಗಳನ್ನು ಸೀಟಿನ ಎರಡೂ ಬದಿಗೆ ಕಟ್ಟಿದೆ.

ಆಮೇಲೆ ಸೊಂಟದುದ್ದ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿ, ಗೆಳೆಯನನ್ನು ಪಕ್ಕ ನಿಲ್ಲಿಸಿಕೊಂಡು ಬೇಕಂತಲೇ ಮಗುಚಿದೆ. ಕೂರುವ ಗುಂಡಿಯಲ್ಲಷ್ಟೇ ನೀರು. ಆದರೂ ಹತ್ತಲು ಹೋದರೆ ಜಾಸ್ತಿ ಹೊರಳಾಡುತ್ತಿತ್ತು. ತಳದಲ್ಲಿದ್ದ ಬದಿಯ ಫೋಮನ್ನು ಅಂಚಿನವರೆಗೆ ಮೇಲೇರಿಸಿ ಕಟ್ಟಿದ ಮೇಲೆ ಹೊರಳಾಟ ತಗ್ಗಿತು. ಹತ್ತಿ ಕೂತು, ಬಕೆಟ್‌ನಿಂದ ನೀರು ಎತ್ತಿ ಚೆಲ್ಲಿದೆ.