ನೀಲಗಿರಿ ತೋಪು, ಹಳ್ಳ, ಕಾಡುಪಾಪ: ಎಲ್ಲ ಉಳಿಸಿಕೊಂಡು ಮರ ಮಾರಿದ್ದು

ಮಾಗಡಿ ರಸ್ತೆಯ ತಾವರೆಕೆರೆ ಕಡೆ ನಮ್ಮದು ಹನ್ನೆರಡು ಎಕರೆ ಚಿಲ್ಲರೆ ನೀಲಗಿರಿ ತೋಪು. ನಡುವೆ ಒಂದು ಹಳ್ಳ, ಕೊನೆಗೆ ಅರ್ಕಾವತಿ ಸೇರುತ್ತದೆ. ಹಳ್ಳದ ಬದಿಯಲ್ಲಿ ಬಿದಿರು, ಹೊಂಗೆ, ಜಾಲಿ ಹೆಣೆದುಕೊಂಡಿವೆ. ಅಲ್ಲಿ ಕಾಡುಪಾಪ ಇದೆ, ರಾತ್ರಿ ಮರದ ಮೇಲೆ ಓಡಾಡುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ. ಮರವನ್ನೂ ಮಾರುತ್ತೇನೆ, ಇವೆರಡನ್ನೂ ಉಳಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಎರಡು ದೋಣಿ ಮೇಲೆ ಕಾಲಿಡಬೇಡ" ಅಂತ ಭಾವನೇ ಹೇಳಿದ್ದರು. ಈಗ ಅದೇ ಭಾವ ತಮ್ಮ ತೋಪು ನೋಡಲು ನನ್ನನ್ನು ಕರೆಯುತ್ತಾರೆ!

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದಕ್ಕೆ ತಡೆ ಹಾಕಿತಲ್ಲ, ಆಗ ಅನೇಕರು ಜೆಸಿಬಿ ತಂದು ಬುಡಸಮೇತ ಕಿತ್ತರು. ನಾನು ಕೀಳಲಿಲ್ಲ. ಹಳ್ಳದ ದಂಡೆಯಲ್ಲಿ ಬುಡ ಕಿತ್ತರೆ ಮೊದಲ ದೊಡ್ಡ ಮಳೆಗೇ ದಂಡೆ ಕುಸಿಯುತ್ತದೆ. ಪಕ್ಕದವರ ಜಮೀನಿನಲ್ಲಿ ಅದೇ ಆಯಿತು, ಮಣ್ಣೆಲ್ಲ ಕೆಳಗಿನ ಕೆರೆಗೆ ಹೋಯಿತು. ನಾನು ಎರಡೂ ಬದಿ ಐವತ್ತು ಅಡಿಯಷ್ಟು ಪಟ್ಟಿಯನ್ನು ಹಳ್ಳಕ್ಕೇ ಬಿಟ್ಟೆ. ಅಲ್ಲಿ ಮರ ಕಡಿದೆ, ಬುಡ ಹಾಗೇ ಬಿಟ್ಟೆ, ಬುಡದಿಂದ ಮತ್ತೆ ಕೂಳೆ ಚಿಗುರು ಬಂದಂತೆಲ್ಲ ಮುರಿದೆ. ಒಂದೂವರೆ ಎಕರೆ ಹೋಯಿತು. ಲೆಕ್ಕ ಹಾಕಿದರೆ ಒಂದು ಕೂಳೆಗೆ, ಅಂದರೆ ಒಂದು ಸಲದ ಕಡಿತಕ್ಕೆ, ಲಕ್ಷದ ಮೇಲೆ ಕೈಬಿಟ್ಟ ಹಾಗೆ. ಮನೆಯಲ್ಲಿ ಈ ಅಂಕಿ ಹೇಳಿಲ್ಲ.

ಆ ಚಿಗುರಿನ ಕಾಟ ಮಾತ್ರ ಹೇಳತೀರದು. ಉಪ್ಪು ಹಾಕಿದೆ, ಸೀಮೆಎಣ್ಣೆ ಸುರಿದೆ, ಕಪ್ಪು ಪ್ಲಾಸ್ಟಿಕ್ ಕಟ್ಟಿದೆ. ಪ್ಲಾಸ್ಟಿಕ್ ತೂತು ಮಾಡಿಕೊಂಡು ಚಿಗುರು ಹೊರಗೆ ಬಂತು. ಕೊನೆಗೆ ಕೆಲಸ ಮಾಡಿದ್ದು ಬುಡದ ತೊಗಟೆ ಸುಲಿಯುವ ಒಂದು ವಿಧಾನ. ಯಾವ ತಿಂಗಳು, ಎಷ್ಟು ಆಳ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತೋಪಿಗೆ ಬಂದವರಿಗೆ ತೋರಿಸುತ್ತೇನೆ.

ಬುಡಗಳ ನಡುವೆ ಮೊದಲು ನೆಟ್ಟ ಅತ್ತಿ, ನೇರಳೆ ಸಸಿಗಳೆಲ್ಲ ಮೇಕೆ ಪಾಲಾದವು. ಸುಮಾರು ಇನ್ನೂರು ಸಸಿ, ಒಂದೂ ಉಳಿಯಲಿಲ್ಲ. ಆಮೇಲೆ ಹೊರಗಡೆಗೆ ಲಕ್ಕಿ ಗಿಡದ ಕಡ್ಡಿ ಒತ್ತಾಗಿ ಊರಿ, ಅದರ ಒಳಗೆ ಹೊಂಗೆ, ನೀರಿನ ಅಂಚಿಗೆ ಹೊಳೆಮತ್ತಿ ಹಾಕಿದೆ. ಲಕ್ಕಿಗೂ ಹೊಂಗೆಗೂ ಮೇಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಅವು ಎದೆಮಟ್ಟ ಬಂದ ಮೇಲೆ ಅತ್ತಿ, ನೇರಳೆ ತಾವಾಗೇ ಎದ್ದವು. ಹಕ್ಕಿಗಳ ಕೆಲಸ, ಪುಕ್ಕಟೆ.

ಇನ್ನು ಕಡಿಯುವ ವಿಷಯ. ಕಂಟ್ರಾಕ್ಟರಿಗೆ ಒಂದೇ ಸಲ ಎಲ್ಲ ಬೋಳಿಸಬೇಕು. ಕೂಲಿಯವರ ಗುಡಿಸಲು, ಲಾರಿ ಎಲ್ಲ ಒಂದೇ ಖರ್ಚಿನಲ್ಲಿ ಮುಗಿಯುತ್ತದೆ. ಇಡೀ ತೋಪಿಗೆ ಎಂಟು ಲಕ್ಷದ ಹತ್ತಿರ ಹೇಳಿದ್ದ. ನಾನು ತೋಪನ್ನು ನಾಲ್ಕು ಪಾಲು ಮಾಡಿ, ವರ್ಷ ಬಿಟ್ಟು ವರ್ಷ ಒಂದೊಂದೇ ಪಾಲು ಅಂದೆ. ಮೊದಲ ಪಾಲು ಟನ್ ಲೆಕ್ಕದಲ್ಲಿ ಕೊಟ್ಟಾಗ ಒಂದೂವರೆ ಲಕ್ಷ ಬಂದರೆ ಹೆಚ್ಚು. ಊರೆಲ್ಲ ಆಡಿಕೊಂಡಿತು. ಎರಡನೇ ಪಾಲಿಗೆ ಟನ್ ಬಿಟ್ಟು ಗಳದ, ಅಂದರೆ ಉದ್ದ ಕಂಬದ, ಲೆಕ್ಕಕ್ಕೆ ಹೋದೆ. ಕೆಂಗೇರಿ, ಮಾಗಡಿ ರಸ್ತೆ ಕಡೆ ಸಣ್ಣ ಮೇಸ್ತ್ರಿಗಳು ಈಗಲೂ ಸೆಂಟ್ರಿಂಗಿಗೆ (ತಾರಸಿ ಹಾಕುವಾಗ ಕೆಳಗೆ ಕೊಡುವ ಆಸರೆಗೆ) ಗಳ ಕೇಳುತ್ತಾರೆ. ನೆಟ್ಟಗಿರುವುದನ್ನು ಆರಿಸಿ, ಸಿಪ್ಪೆ ತೆಗೆದು, ಅಳತೆಗೆ ಕತ್ತರಿಸಿ ಕೊಟ್ಟೆ. ಎರಡೂವರೆ ಲಕ್ಷ ದಾಟಿತು. ಸೊಟ್ಟಗಿದ್ದದ್ದು ಸೌದೆಗೆ ಹೋಯಿತು.

ಹಳ್ಳ ಕೆಡುವುದು ಕೊಡಲಿಯಿಂದಲ್ಲ, ಟ್ರ್ಯಾಕ್ಟರ್ ಚಕ್ರದಿಂದ. ಗಳ ಎಳೆದ ಜಾಡು ಮಳೆಗೆ ಕೊರಕಲಾಗುತ್ತದೆ. ಅದಕ್ಕೇ ಜನವರಿಯಿಂದ ಮಾರ್ಚ್ ಒಳಗೆ ಕಡಿದು ಮುಗಿಸುತ್ತೇನೆ, ಹಳ್ಳ ದಾಟಲು ಒಂದೇ ಜಾಗ. ಅಲ್ಲಿ ಮೊದಲು ಸಿಮೆಂಟ್ ಪೈಪ್ ಹಾಕಿದ್ದೆ, ಹದಿನೈದು ಸಾವಿರ ಖರ್ಚು. ನೀಲಗಿರಿ ತೊಗಟೆ ಕಟ್ಟಿಕೊಂಡು ನೀರು ಪಕ್ಕಕ್ಕೆ ನುಗ್ಗಿತು, ಪೈಪ್ ಹಳ್ಳದಲ್ಲಿ ಮಲಗಿತು. ಈಗ ಪೈಪೂ ಇಲ್ಲ ಗೀಪೂ ಇಲ್ಲ, ದಪ್ಪ ಕಲ್ಲಿನ ಹಾಸು ಅಷ್ಟೇ. ಕೆಲಸ ಮುಗಿದ ದಿನವೇ ಜಾಡಿಗೆ ಅಡ್ಡಡ್ಡ ರೆಂಬೆ ಹಾಕಿ, ಅದರ ಮೇಲೆ ಟ್ರ್ಯಾಕ್ಟರ್ ಓಡಿಸುತ್ತೇನೆ. ಮಣ್ಣಿಗೆ ಒತ್ತಿಕೊಂಡರೆ ಬೆಂಕಿಗೂ ಬೇಗ ಸಿಗುವುದಿಲ್ಲ. ಮಳೆ ಬಂದಾಗ ಒಂದೊಂದು ರೆಂಬೆಯ ಹಿಂದೆಯೂ ಬೆರಳುದ್ದ ಹೂಳು ನಿಂತಿರುತ್ತದೆ. ಹೋಗಿ ನೋಡಿ, ಖುಷಿಯಾಗುತ್ತದೆ. ಜಾಡಿನಲ್ಲಿ ಲಾವಂಚವನ್ನೂ ನೆಟ್ಟು ನೋಡಿದೆ. ಬಿಸಿಲಲ್ಲಿ ಚೆನ್ನಾಗಿ ಬಂತು, ನೆರಳಿದ್ದ ಕಡೆ ಸೊರಗಿತು.

ಕಾಡುಪಾಪಕ್ಕೆ ನೆಗೆಯಲು ಬಾರದು. ರೆಂಬೆಯಿಂದ ರೆಂಬೆಗೆ ಕೈ ಚಾಚಿ ಹಿಡಿದೇ ದಾಟಬೇಕು. ರೆಂಬೆ ಮುಟ್ಟದಿದ್ದರೆ ನೆಲಕ್ಕಿಳಿಯುತ್ತದೆ, ಇಳಿದರೆ ನಾಯಿ. ಬೋಳಿಸಿದ ಪಾಲಿನ ಆಚೆ ಈಚೆಗೆ ತೆಂಗಿನ ನಾರಿನ ಹಗ್ಗ ಕಟ್ಟಿದೆ. ಅಳಿಲುಗಳು ಮಜವಾಗಿ ಓಡಾಡಿದವು, ಕಾಡುಪಾಪ ಅದರ ಮೇಲೆ ಒಂದು ಸಲವೂ ಕಾಣಲಿಲ್ಲ. ಹಗ್ಗ ಬಿಚ್ಚಿ, ಪಾಲಿನ ಅಂಚಿನಲ್ಲಿ ಒಂದು ಸಾಲು ಮರ ಬಳ್ಳಿ ಸಮೇತ ಉಳಿಸಿದೆ. ರಾತ್ರಿ ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ ನಿಧಾನಕ್ಕೆ ನಡೆದರೆ ಕಿತ್ತಳೆ ಬಣ್ಣದ ಕಣ್ಣು ಹೊಳೆಯುತ್ತವೆ. ಹೋದ ಬೇಸಿಗೆಯಲ್ಲಿ ಆ ಸಾಲಿನಲ್ಲೇ ತಾಯಿಯ ಹೊಟ್ಟೆಗೆ ಅಂಟಿಕೊಂಡ ಮರಿ ಕಂಡಿತು. ಯಾವ ಸಾಲು ಅಂತ ಮಾತ್ರ ಕೇಳಬೇಡಿ. ಮಾಟ ಮಂತ್ರಕ್ಕೆ ಹಿಡಿಯುವವರು ಇನ್ನೂ ಇದ್ದಾರೆ.

ನೀರಿಗೆ ಸಾಕ್ಷಿ ಕೇಳುವವರಿಗೆ ಒಂದು ಮಾತು. 2022ರ ಮಳೆಗೆ ಯಾರ ಹಳ್ಳವಾದರೂ ಹರಿಯುತ್ತಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. 2023ರ ಬರದಲ್ಲಿ ಅಕ್ಕಪಕ್ಕದ ಹಳ್ಳಗಳು ದೀಪಾವಳಿಗೇ ಒಣಗಿದವು. ನಮ್ಮದರಲ್ಲಿ ಡಿಸೆಂಬರ್‌ವರೆಗೂ ತೆಳ್ಳಗೆ ನೀರಿತ್ತು. ಬಾವಿಯೂ ಪೂರ್ತಿ ತಳ ಕಾಣಲಿಲ್ಲ.

ಬರುವ ಜನವರಿಗೆ ನಾಲ್ಕನೇ ಪಾಲು. ಗಳದ ವ್ಯಾಪಾರಿ ಈಗಲೇ ಅಡ್ವಾನ್ಸ್ ಕೊಡುತ್ತೇನೆ ಅನ್ನುತ್ತಿದ್ದಾನೆ. ಅಂಚಿನ ಸಾಲಿನ ದಪ್ಪ ಮರಗಳೂ ಸೇರಿದರೆ ರೇಟು ಏರಿಸುತ್ತಾನಂತೆ. ಅದು ಬಿಟ್ಟು ಮಾತಾಡು ಅಂದಿದ್ದೇನೆ, ವ್ಯಾಪಾರ ಇನ್ನೂ ಕುದುರಿಲ್ಲ.